ಮಿನ್ನೆಸೋಟಾದ ಕಾಡುಸರೋವರಗಳಲ್ಲಿ ಒಂದು ಹಗಲು: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರಿಗೆ ದೋಣಿಯಾನದ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಯುಗಾದಿ ಮುಗಿಯುತ್ತಿದ್ದಂತೆ ಅಮೆರಿಕ ಪ್ರಯಾಣದ ತಯಾರಿ ಶುರುವಾಗುತ್ತದೆ. ಮಗಳ ಬಾಣಂತನವೋ ಮೊಮ್ಮಗನ ಹುಟ್ಟುಹಬ್ಬವೋ ಒಂದು ನೆಪ. ಹೋದವರು ನಾಲ್ಕಾರು ತಿಂಗಳು ಇದ್ದು, ನಯಾಗರ ನೋಡಿ, ಮಾಲ್‌ಗಳಲ್ಲಿ ಸುತ್ತಾಡಿ ಮರಳುತ್ತಾರೆ. ಮಕ್ಕಳು ಮಿನ್ನಿಯಾಪೊಲಿಸ್ ಸುತ್ತಮುತ್ತ ನೆಲೆಸಿದ್ದರೆ ಇನ್ನೂ ಒಂದು ಕಡೆ ಹೋಗಬಹುದು. ಕೆನಡಾದ ಗಡಿಗೆ ಹೊಂದಿಕೊಂಡ ಬೌಂಡರಿ ವಾಟರ್ಸ್ ಎಂಬ ಕಾಡು ಹತ್ತು ಲಕ್ಷ ಎಕರೆಗೂ ಮೀರಿ ಹಬ್ಬಿದೆ. ಅದರೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. 1964ರ ವನ್ಯಪ್ರದೇಶ ಕಾಯ್ದೆಯ ರಕ್ಷಣೆ ಇರುವುದರಿಂದ ಒಳಗೆ ಊರಿಲ್ಲ, ಅಂಗಡಿಯಿಲ್ಲ. ಬಹುಪಾಲು ಸರೋವರಗಳಲ್ಲಿ ಮೋಟಾರು ದೋಣಿಗೂ ಅನುಮತಿಯಿಲ್ಲ. ಕನೂ ಎಂಬ ಉದ್ದನೆಯ ಕಿರಿದೋಣಿಯಲ್ಲಿ ಹುಟ್ಟು ಹಾಕುತ್ತ ಒಂದು ಸರೋವರ ದಾಟಬೇಕು, ದಂಡೆ ಬಂದಾಗ ದೋಣಿಯನ್ನೇ ಹೆಗಲಿಗೇರಿಸಿ ಕಾಲುದಾರಿಯಲ್ಲಿ ನಡೆದು ಮುಂದಿನ ಸರೋವರಕ್ಕೆ ಇಳಿಯಬೇಕು. ಈ ಹೊರೆದಾರಿಗೆ ಅಲ್ಲಿ ಪೋರ್ಟೇಜ್ ಎನ್ನುತ್ತಾರೆ.

ಕನೂ ಎಂದೊಡನೆ ಎಲ್ಲರೂ ಕೇಳುವುದು ಈಜಿನ ವಿಷಯ, ಹುಟ್ಟು ಹಾಕುವ ವಿಷಯ. ಅದನ್ನು ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ದಿನ ಕೆಡುವುದು ದಂಡೆಯ ಮೇಲೆ. ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಡಬ್ಬಿ, ಕೊರಳಲ್ಲಿ ಕ್ಯಾಮೆರಾ, ಎಲ್ಲೋ ಬಿಟ್ಟ ನೀರಿನ ಬಾಟಲಿ. ಹೀಗೆ ಇಳಿದವರು ಪ್ರತಿ ಪೋರ್ಟೇಜ್‌ನಲ್ಲೂ ಮೂರು ಮೂರು ಸಲ ಓಡಾಡಿ ಮಧ್ಯಾಹ್ನದ ಹೊತ್ತಿಗೆ ಸೋತು ಕುಳಿತಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ನೀರಿಗಿಂತ ನೆಲದ ಮಾತೇ ಹೆಚ್ಚು.

ಯಾವಾಗ, ಎಲ್ಲಿಗೆ

ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಕಾಲ ನಮ್ಮವರಿಗೆ ಒಳ್ಳೆಯದು. ಅಲ್ಲಿಯ ಸರೋವರಗಳ ಮಂಜುಗಡ್ಡೆ ಕರಗುವುದೇ ಏಪ್ರಿಲ್ ಕೊನೆಗೆ ಅಥವಾ ಮೇ ಮೊದಲಿಗೆ. ಮೇ ತಿಂಗಳಲ್ಲಿ ಬಿಸಿಲು ಹಿತವಾಗಿದ್ದರೂ ನೀರು ಜೀವ ತೆಗೆಯುವಷ್ಟು ತಣ್ಣಗಿರುತ್ತದೆ. ಬಿದ್ದರೆ ಈಜು ಬಲ್ಲವರ ಕೈಕಾಲೂ ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ. ಜೂನ್ ತಿಂಗಳು ಸೊಳ್ಳೆಗಳದ್ದು, ಕಚ್ಚಿ ರಕ್ತ ತೆಗೆಯುವ ಕರಿನೊಣಗಳದ್ದು. ನಮ್ಮ ಸೊಳ್ಳೆಗಳನ್ನು ಕಂಡವರಿಗೆ ಅದೇನು ಮಹಾ ಎಂದುಕೊಂಡು ಹೋಗಬೇಡಿ.

ಮೊದಲ ಸಲಕ್ಕೆ ನನ್ನ ಆಯ್ಕೆ ಸಾಬಿಲ್ ಸರೋವರ. ಮಿನ್ನಿಯಾಪೊಲಿಸ್‌ನಿಂದ ಡುಲೂತ್ ದಾಟಿ, ಸುಪೀರಿಯರ್ ಮಹಾಸರೋವರದ ಅಂಚಿನಲ್ಲಿ ಸಾಗಿ, ಟಾಫ್ಟಿ ಎಂಬ ಸಣ್ಣ ಊರಿನಲ್ಲಿ ಎಡಕ್ಕೆ ತಿರುಗಿ ಸುಮಾರು 24 ಮೈಲಿ ಕಾಡುರಸ್ತೆ ಹಿಡಿದರೆ ರಸ್ತೆ ಮುಗಿಯುವುದೇ ಸಾಬಿಲ್ ದಂಡೆಯಲ್ಲಿ. ಕಾರಿನಲ್ಲಿ ಐದು ಗಂಟೆಯ ಹಾದಿ ಎಂದಿಟ್ಟುಕೊಳ್ಳಿ. ಬೆಳಗ್ಗೆ ಹೊರಟು ಅಂದೇ ದೋಣಿ ಇಳಿಸುವ ಹಟ ಬೇಡ. ಹಿಂದಿನ ರಾತ್ರಿ ಟಾಫ್ಟಿಯಲ್ಲೋ ಸರೋವರದ ಪಕ್ಕದ ಅರಣ್ಯ ಇಲಾಖೆಯ ಡೇರೆ ತಾಣದಲ್ಲೋ ತಂಗಿ. ದೋಣಿ, ಹುಟ್ಟು, ಲೈಫ್ ಜಾಕೆಟ್ ಬಾಡಿಗೆಗೆ ಅಲ್ಲೇ ಸಿಗುತ್ತವೆ.

ಒಂದು ಹಗಲಿಗೆ ತಕ್ಕ ಸುತ್ತು ಹೀಗಿದೆ: ಸಾಬಿಲ್‌ನಿಂದ ಆಲ್ಟನ್ ಸರೋವರ, ಅಲ್ಲಿಂದ ಕೆಲ್ಸೊ ಸರೋವರ, ಕೆಲ್ಸೊ ಹೊಳೆಯ ಗುಂಟ ಬಂದು ಮತ್ತೆ ಸಾಬಿಲ್. ನಡುವೆ ಮೂರು ಪೋರ್ಟೇಜ್, ಮೂರೂ ಚಿಕ್ಕವು. ಅಲ್ಲಿ ಈ ದಾರಿಗಳನ್ನು ಅಳೆಯುವುದು ರಾಡ್ ಲೆಕ್ಕದಲ್ಲಿ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ. ಸಾಬಿಲ್–ಆಲ್ಟನ್ ನಡುವಿನ ದಾರಿ 30 ರಾಡ್, ಅಂದರೆ ಸುಮಾರು 150 ಮೀಟರ್. ಅದೇ ಈ ಸುತ್ತಿನ ಅತಿ ಉದ್ದದ ಹೊರೆದಾರಿ.

ಸುತ್ತನ್ನು ಆಲ್ಟನ್ ಕಡೆಯಿಂದಲೇ ಶುರುಮಾಡಿ. ಆಲ್ಟನ್ ದೊಡ್ಡ, ತೆರೆದ ಸರೋವರ. ಮಧ್ಯಾಹ್ನ ಗಾಳಿ ಎದ್ದಮೇಲೆ ಅದು ಹೊಸಬರಿಗೆ ತಕ್ಕ ಜಾಗವಲ್ಲ. ಬೆಳಗಿನ ತಿಳಿನೀರಿನಲ್ಲಿ ಅದನ್ನು ಮುಗಿಸಿಬಿಟ್ಟರೆ ಗಾಳಿಯ ಹೊತ್ತಿಗೆ ನೀವು ಕೆಲ್ಸೊ ಹೊಳೆಯ ಇಕ್ಕಟ್ಟಿನಲ್ಲಿ, ನೈದಿಲೆ ಎಲೆಗಳ ನಡುವೆ ಸುರಕ್ಷಿತವಾಗಿರುತ್ತೀರಿ.

ಪರವಾನಗಿ ಮತ್ತು ಕಟ್ಟಳೆ

ಹಗಲಿನ ಪ್ರಯಾಣಕ್ಕೆ ಪರವಾನಗಿ ಉಚಿತ. ಪ್ರವೇಶದ ಜಾಗದಲ್ಲಿಟ್ಟ ನಮೂನೆಯನ್ನು ನೀವೇ ತುಂಬಿ, ಒಂದು ಪ್ರತಿಯನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಜೊತೆಗಿಟ್ಟುಕೊಳ್ಳಬೇಕು. ರಾತ್ರಿ ತಂಗುವುದಾದರೆ ಲೆಕ್ಕವೇ ಬೇರೆ: ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿ ಪ್ರವೇಶಕ್ಕೂ ದಿನಕ್ಕಿಷ್ಟೇ ತಂಡಗಳೆಂಬ ಮಿತಿಯಿದೆ, ಮೊದಲೇ ಕಾಯ್ದಿರಿಸಿ ಶುಲ್ಕ ಕಟ್ಟಬೇಕು.

ಒಂದು ತಂಡದಲ್ಲಿ ಒಂಬತ್ತು ಜನ, ನಾಲ್ಕು ದೋಣಿ. ಅದಕ್ಕಿಂತ ಹೆಚ್ಚಿಗೆ ಆಸ್ಪದವಿಲ್ಲ. ಬೀಗರು, ಬೀಗರ ಅಣ್ಣ, ಅವರ ಮಕ್ಕಳು ಎಂದು ಸೇರಿಸುತ್ತ ಹೋದರೆ ನಮ್ಮಲ್ಲಿ ಒಂಬತ್ತು ಎಂಬುದು ಒಂದೇ ಮನೆಯ ಲೆಕ್ಕ. ಹತ್ತನೆಯವರು ಬರುವಂತಿದ್ದರೆ ತಂಡ ಎರಡಾಗಬೇಕು, ಕಾಡಿನೊಳಗೆ ಎಲ್ಲಿಯೂ ಒಟ್ಟುಗೂಡಬಾರದು.

ಆಹಾರ, ಪಾನೀಯಗಳ ಗಾಜಿನ ಬಾಟಲಿ ಮತ್ತು ತಗಡಿನ ಡಬ್ಬ ನಿಷಿದ್ಧ. ಗಾಜಿನ ಭರಣಿಯ ಮಾವಿನ ಉಪ್ಪಿನಕಾಯಿ, ಕೂಲ್‌ಡ್ರಿಂಕ್ಸ್ ಡಬ್ಬಗಳು ಎರಡೂ ಕಾರಿನಲ್ಲೇ ಉಳಿಯಲಿ. ಔಷಧದ ಬಾಟಲಿಗೆ, ಸೊಳ್ಳೆ ಓಡಿಸುವ ದ್ರಾವಣಕ್ಕೆ ವಿನಾಯಿತಿ ಇದೆ. ಡ್ರೋನ್ ಹಾರಿಸುವಂತಿಲ್ಲ. ಅಳಿಯಂದಿರು ಎಷ್ಟೇ ಒತ್ತಾಯಿಸಿದರೂ ಇದರಲ್ಲಿ ಸಡಿಲಬೇಡಿ. ಅಲ್ಲಿಗೆ ಬಂದವರು ಸದ್ದಿಲ್ಲದ ಜಾಗ ಹುಡುಕಿಕೊಂಡೇ ಬಂದಿರುತ್ತಾರೆ.

ಊರಲ್ಲೇ ಮಾಡಬೇಕಾದ ತಯಾರಿ

ಪ್ರಯಾಣಕ್ಕೆ ಎರಡು ತಿಂಗಳ ಮೊದಲೇ ಬೆನ್ನುಚೀಲಕ್ಕೆ ನೀರು ತುಂಬಿದ ಬಾಟಲಿಗಳನ್ನು ಹಾಕಿಕೊಂಡು ನಡೆಯಲು ಶುರುಮಾಡಿ. ಮೊದಲ ವಾರ ಐದು ಕಿಲೋ ಸಾಕು, ನಿಧಾನವಾಗಿ ಹತ್ತಕ್ಕೆ ಏರಿಸಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟವಿದೆ, ಧಾರವಾಡದವರಿಗೆ ವಿಶ್ವವಿದ್ಯಾಲಯದ ಏರುತಗ್ಗಿನ ದಾರಿಗಳಿವೆ. ಮೇಲೇರುವುದಕ್ಕಿಂತ ಇಳಿಯುವಾಗ ಮೊಣಕಾಲು ಏನು ಹೇಳುತ್ತದೆ ಎಂದು ಗಮನಿಸಿ. ಪೋರ್ಟೇಜ್‌ನಲ್ಲಿ ಜನ ಬೀಳುವುದು ಹೆಚ್ಚಾಗಿ ಇಳಿಜಾರಿನಲ್ಲಿ, ಒದ್ದೆ ಬೇರಿನ ಮೇಲೆ ಕಾಲಿಟ್ಟಾಗ.

ಗಾಳಿ ನೀರಿಗೆ ಏನು ಮಾಡುತ್ತದೆ ಎಂಬುದನ್ನು ಕಲಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಆಷಾಢದ ಒಂದು ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಕುಳಿತು ನೋಡಿ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ದಂಡೆಯ ಮಗ್ಗುಲಲ್ಲಿ ನೀರು ಸುಮ್ಮನಿರುತ್ತದೆ. ಎದುರು ದಂಡೆಗೆ ಹೋಗುತ್ತ ಹೋಗುತ್ತ ಅಲೆ ಬೆಳೆಯುತ್ತದೆ. ದೋಣಿ ಯಾವಾಗಲೂ ಆ ಸುಮ್ಮನಿರುವ ನೀರಿನ ಕಡೆಗೇ ಅಂಟಿಕೊಂಡು ಸಾಗಬೇಕು.

ಈಜು ಬಂದರೆ ಒಳ್ಳೆಯದು, ಬಾರದಿದ್ದರೂ ಹೋಗಬಹುದು. ಆದರೆ ಲೈಫ್ ಜಾಕೆಟ್ ಮೈಮೇಲಿರಬೇಕು, ಕಾಲ ಬುಡದಲ್ಲಲ್ಲ. ಮಿನ್ನೆಸೋಟಾದಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕೆಂಬ ಕಾನೂನೇ ಇದೆ. ಅಜ್ಜ ತೊಡದೆ ಕುಳಿತು ಮೊಮ್ಮಗನಿಗೆ ತೊಡು ಎಂದರೆ ಅವನು ಕೇಳುವುದಿಲ್ಲ.

ಬಟ್ಟೆ ಮತ್ತು ಬುತ್ತಿ

ಬೇಗ ಒಣಗುವ ಪ್ಯಾಂಟು, ತುಂಬುತೋಳಿನ ಅಂಗಿ, ದಾರವಿರುವ ಟೊಪ್ಪಿಗೆ. ಜೀನ್ಸ್ ಬೇಡ, ನೆನೆದರೆ ಭಾರವಾಗಿ ಕಾಲಿಗೆ ಅಂಟುತ್ತದೆ. ಸೀರೆಯಂತೂ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಅತ್ತೆಯವರಿಗೆ ಚೂಡಿದಾರ ಒಗ್ಗದಿದ್ದರೆ ಸೊಸೆ ಸ್ವಲ್ಪ ಮುಂಚಿನಿಂದಲೇ ಒಲಿಸಿಕೊಳ್ಳಬೇಕು. ದಂಡೆಯಲ್ಲಿ ನಿಂತು ಆ ವಾದ ಬೇಡ. ಕಾಲಿಗೆ ಹಳೆಯ ಕ್ರೀಡಾ ಬೂಟು, ಏಕೆಂದರೆ ದಿನವಿಡೀ ಅದು ಒದ್ದೆಯಾಗಿಯೇ ಇರುತ್ತದೆ. ಚಪ್ಪಲಿ ಕೆಸರಿನಲ್ಲಿ ಕಳಚಿಹೋಗುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ.

ಬುತ್ತಿಯ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯವರು ಜಗತ್ತಿಗೇ ಪಾಠ ಹೇಳಬಹುದು. ಅಮೆರಿಕದವರು ಇಂಥ ಪ್ರಯಾಣಕ್ಕೆಂದು ದುಬಾರಿ ಒಣ ಆಹಾರದ ಪೊಟ್ಟಣಗಳನ್ನು ಕೊಳ್ಳುತ್ತಾರೆ. ನಮ್ಮ ಖಡಕ್ ರೊಟ್ಟಿ ನೀರಿಲ್ಲದೆ, ಬೆಂಕಿಯಿಲ್ಲದೆ, ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ತೂಕವಂತೂ ಇಲ್ಲವೆಂದೇ ಹೇಳಬೇಕು. ಜೊತೆಗೆ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ, ನಾಲ್ಕು ಶೇಂಗಾ ಉಂಡಿ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದರೆ ಚೀಲದೊಳಗೆ ಪುಡಿಯಾಗುತ್ತದೆ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಚಟ್ನಿಗೆ ಎಣ್ಣೆ ಮನೆಯಲ್ಲಿ ಕಲಸಬೇಡಿ, ಸಣ್ಣ ಬಾಟಲಿಯಲ್ಲಿ ಬೇರೆಯಾಗಿ ಒಯ್ದು ಅಲ್ಲಿ ಹಾಕಿಕೊಳ್ಳಿ. ಊರಿಂದಲೇ ಒಯ್ಯುವುದಾದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಿನಿಸು ಇದೆಯೆಂದು ತಪ್ಪದೆ ಘೋಷಿಸಿ.

ಆ ಕಾಡಿನಲ್ಲಿ ಕರಿಕರಡಿಗಳಿವೆ. ಹಗಲು ಹೋಗಿ ಬರುವವರಿಗೆ ಅವು ಎದುರಾಗುವುದು ಅಪರೂಪವಾದರೂ ಬುತ್ತಿಚೀಲವನ್ನು ದಂಡೆಯಲ್ಲಿ ಬಿಟ್ಟು ಅಡ್ಡಾಡಲು ಹೋಗಬಾರದು. ರಾತ್ರಿ ಉಳಿಯುವವರು ಆಹಾರವನ್ನು ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿ ಇಡಬೇಕು, ಇಲ್ಲವೇ ಮರಕ್ಕೆ ಎತ್ತರದಲ್ಲಿ, ಕಾಂಡದಿಂದ ದೂರವಾಗಿ ತೂಗುಹಾಕಬೇಕು.

ಗಂಟುಮೂಟೆ: ಎಲ್ಲವೂ ಬೆನ್ನಿಗೆ, ಕೈ ಖಾಲಿ

ಇದನ್ನು ಓದಿ ಬೇರೆಯದನ್ನು ಮರೆತರೂ ಅಡ್ಡಿಯಿಲ್ಲ. ಇಬ್ಬರಿಗೆ ಒಂದು ದೋಣಿ, ಒಂದು ದೊಡ್ಡ ಬೆನ್ನುಚೀಲ, ಒಂದು ಸಣ್ಣ ಬೆನ್ನುಚೀಲ. ಇದಕ್ಕಿಂತ ಹೆಚ್ಚಿನ ನಗ ಇರಬಾರದು. ದೊಡ್ಡದರಲ್ಲಿ ದಪ್ಪ ಪ್ಲಾಸ್ಟಿಕ್ ಚೀಲವನ್ನು ಒಳಗೆ ಹಾಸಿ, ಅದರಲ್ಲಿ ಪ್ರತಿಯೊಬ್ಬರ ಒಂದು ಜೊತೆ ಒಣ ಬಟ್ಟೆ, ಮಳೆಯಂಗಿ, ಪ್ರಥಮ ಚಿಕಿತ್ಸೆಯ ಸಾಮಾನು, ಬೆಂಕಿಪೊಟ್ಟಣ, ಬ್ಯಾಟರಿ. ಸಣ್ಣದರಲ್ಲಿ ಬುತ್ತಿ, ನೀರು ಸೋಸುವ ಸಾಧನ, ಸೊಳ್ಳೆಯ ಔಷಧ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡೂ ಚೀಲಗಳಲ್ಲಿ ಇಡಿ. ಪಾಸ್‌ಪೋರ್ಟ್ ಒಯ್ಯಬೇಡಿ, ತಂಗಿದಲ್ಲೇ ಭದ್ರವಾಗಿಡಿ. ಕಾರಿನ ಕೀಲಿಯನ್ನು ಜಿಪ್ ಇರುವ ಒಳಜೇಬಿನಲ್ಲಿ ದಾರ ಕಟ್ಟಿ ಇರಿಸಿ. ಅದು ಸರೋವರದ ತಳ ಸೇರಿತೆಂದರೆ ಹತ್ತಿರದ ಕೀಲಿ ರಿಪೇರಿಯವನು ಬಹಳ ದೂರದಲ್ಲಿರುತ್ತಾನೆ.

ಹೊರಡುವ ಹಿಂದಿನ ರಾತ್ರಿ ಎಲ್ಲವನ್ನೂ ತುಂಬಿ, ಚೀಲ ಹೊತ್ತು, ಎರಡೂ ಕೈ ಮುಂದೆ ಚಾಚಿ ನಿಲ್ಲಿ. ಕೈಯಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಅದು ಚೀಲದೊಳಗೆ ಹೋಗಬೇಕು, ಇಲ್ಲವೇ ಕಾರಿಗೆ. ನಾಳೆ ಆ ಕೈಗಳಿಗೆ ದೋಣಿಯ ಅಂಚು ಮತ್ತು ಹುಟ್ಟು ಹಿಡಿಯುವ ಕೆಲಸವಿದೆ.

ದೋಣಿ ಆರಿಸುವಾಗ ಕೆವ್ಲಾರ್ ಎಂಬ ಕೃತಕ ನಾರಿನಿಂದ ಮಾಡಿದ ಹಗುರವಾದ ದೋಣಿಯನ್ನೇ ಕೇಳಿ. ಹದಿನೇಳು ಹದಿನೆಂಟು ಅಡಿ ಉದ್ದವಿದ್ದರೂ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಅಲ್ಯುಮಿನಿಯಂ ಆದರೆ ಮೂವತ್ತು ಕಿಲೋ ದಾಟುತ್ತದೆ. ಬಾಡಿಗೆ ಹೆಚ್ಚಾದರೂ ಆ ಹತ್ತು ಕಿಲೋ ಉಳಿತಾಯ ಹೆಗಲಿಗೆ ಗೊತ್ತಾಗುತ್ತದೆ. ಆದರೆ ಕೆವ್ಲಾರ್ ಬಂಡೆಯ ಉಜ್ಜಾಟ ತಾಳುವುದಿಲ್ಲ. ಅದನ್ನು ದಂಡೆಗೆ ಎಳೆಯುವಂತಿಲ್ಲ, ಮೊಣಕಾಲುದ್ದದ ನೀರಿನಲ್ಲೇ ಇಳಿದು ಎತ್ತಬೇಕು.

ದೋಣಿ ಏರುವುದು, ನಡೆಸುವುದು

ಬೆಳಗ್ಗೆ ಏಳರೊಳಗೆ ನೀರಿಗಿಳಿಯಿರಿ. ದೋಣಿ ಪೂರ್ತಿ ತೇಲುತ್ತಿರುವಾಗ ಚೀಲಗಳನ್ನು ನಡುವೆ, ತಳಕ್ಕೆ ಇಡಿ. ಹಿಂದೆ ಕೂರುವವರು ದೋಣಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿಯಲಿ. ಮುಂದಿನವರು ಬಗ್ಗಿ, ಎರಡೂ ಅಂಚು ಹಿಡಿದು, ನಡುಗೆರೆಯ ಮೇಲೇ ಹೆಜ್ಜೆಯಿಟ್ಟು ಹೋಗಿ ಕೂರಲಿ. ಒಮ್ಮೆ ಕುಳಿತ ಮೇಲೆ ಫೋಟೊಗೆಂದು ಎದ್ದು ನಿಲ್ಲುವಂತಿಲ್ಲ. ಮೂರನೆಯವರಿದ್ದರೆ ಅವರು ನಡುವೆ, ತಳದಲ್ಲೇ ಕೂರಬೇಕು.

ಒಂದು ಕೈ ಹುಟ್ಟಿನ ತುದಿಯ ಹಿಡಿಯ ಮೇಲೆ, ಇನ್ನೊಂದು ಎಲೆಯಾಕಾರ ಶುರುವಾಗುವ ಜಾಗಕ್ಕಿಂತ ಗೇಣು ಮೇಲೆ. ಮುಂದಕ್ಕೆ ಬಾಗಿ ಹುಟ್ಟನ್ನು ನೆಟ್ಟಗೆ ಇಳಿಸಿ, ಸೊಂಟದವರೆಗೆ ಎಳೆದು, ತೆಗೆಯಿರಿ. ತೋಳಿನಿಂದ ಎಳೆಯಬೇಡಿ, ಬೆನ್ನು ತಿರುಗಲಿ. ಸೊಂಟ ದಾಟಿ ಎಳೆದಷ್ಟೂ ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ತಿರುಗುತ್ತದೆ. ಮುಂದಿನವರು ಲಯ ಹಿಡಿಯುತ್ತಾರೆ, ಹಿಂದಿನವರು ದಿಕ್ಕು ನೋಡಿಕೊಳ್ಳುತ್ತಾರೆ. ದಿಕ್ಕು ತಿದ್ದಲು ಎಳೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳು ಕೆಳಮುಖವಾಗುವಂತೆ ಹುಟ್ಟನ್ನು ಹೊರಳಿಸಿ ನೀರನ್ನು ಸ್ವಲ್ಪ ಹೊರಕ್ಕೆ ತಳ್ಳಬೇಕು. ಇದು ಕೈಗೆ ಕೂರುವವರೆಗೆ ಸುಲಭದ ದಾರಿ ಬೇರೆಯಿದೆ: ಎಂಟು ಹತ್ತು ಎಳೆತಕ್ಕೊಮ್ಮೆ ಹಿಂದಿನವರು ಕೂಗಲಿ, ಇಬ್ಬರೂ ಏಕಕಾಲಕ್ಕೆ ಬದಿ ಬದಲಿಸಲಿ. ಗಂಡಹೆಂಡಿರು ಒಂದೇ ದೋಣಿಯಲ್ಲಿದ್ದರೆ ದಿಕ್ಕಿನ ಹೊಣೆ ಯಾರದೆಂದು ದಂಡೆಯಲ್ಲೇ ತೀರ್ಮಾನಿಸಿಕೊಳ್ಳಿ.

ಪೋರ್ಟೇಜ್ ಶುರುವಾಗುವಲ್ಲಿ ಫಲಕವಿರುವುದಿಲ್ಲ. ನಕ್ಷೆಯಲ್ಲಿ ಗುರುತಿದೆ, ಆದರೆ ನೀರಿನ ಮಟ್ಟದಿಂದ ನೋಡಿದರೆ ದಂಡೆಯೆಲ್ಲ ಒಂದೇ ಹಸಿರು ಗೋಡೆ. ಮರಗಳ ನೆತ್ತಿ ಎಲ್ಲಿ ತಗ್ಗಾಗಿದೆ ನೋಡಿ, ಅದರ ಬುಡದಲ್ಲಿ ಸವೆದ ಮಣ್ಣಿನ ಸಣ್ಣ ಬಿರುಕು ಕಾಣುತ್ತದೆ. ನೀರು ತಾಗದ ನಕ್ಷೆಯನ್ನು ಕಣ್ಣೆದುರೇ ಇಟ್ಟುಕೊಂಡು, ದಾಟಿದ ಪ್ರತಿ ನಡುಗಡ್ಡೆಯನ್ನೂ ಬೆರಳಿನಿಂದ ಗುರುತಿಸುತ್ತ ಹೋಗಿ. ಮೊಬೈಲ್ ಸಿಗ್ನಲ್ ನೆಚ್ಚಬೇಡಿ.

ದೋಣಿ ಹೊರುವುದು

ತುಂಗಭದ್ರೆಯ ದಂಡೆಯಲ್ಲಿ, ಚೌಡದಾನಪುರ, ಗಳಗನಾಥದ ಕಡೆ ಬೆಳೆದವರಿಗೆ ಅಂಬಿಗ ಹರಗೋಲನ್ನು ಬೆನ್ನ ಮೇಲೆ ಮಗುಚಿಕೊಂಡು ನಡೆಯುವುದು ಗೊತ್ತಿರುತ್ತದೆ. ಇದೂ ಹಾಗೆಯೇ, ಹರಗೋಲು ದುಂಡಗಿದ್ದರೆ ಇದು ಉದ್ದ, ಅಷ್ಟೆ. ದೋಣಿಯ ನಡುಮಧ್ಯದಲ್ಲಿ ಹೆಗಲಿಗೆ ಮೆತ್ತೆಯಿರುವ ನೊಗ ಅಡ್ಡಲಾಗಿ ಇರುತ್ತದೆ.

ಇಳಿದೊಡನೆ ಚೀಲಗಳನ್ನು ದಾರಿಯಿಂದ ಪಕ್ಕಕ್ಕೆ ಸರಿಸಿ, ಹಿಂದೆ ಬರುವವರಿಗೆ ಜಾಗ ಬಿಡಿ. ಹುಟ್ಟುಗಳನ್ನು ದೋಣಿಯೊಳಗೇ ಕಟ್ಟಿಬಿಡಿ. ದೋಣಿಯನ್ನು ಮೆತ್ತನೆಯ ನೆಲದ ಮೇಲೆ ಬೋರಲು ಹಾಕಿ. ಒಬ್ಬರು ಮುಂತುದಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಲಿ, ಹಿಂತುದಿ ನೆಲದ ಮೇಲೇ ಇರಲಿ. ಇನ್ನೊಬ್ಬರು ಕೆಳಗೆ ನುಸುಳಿ, ಮುಂತುದಿಗೆ ಮುಖ ಮಾಡಿ, ನೊಗವನ್ನು ಎರಡೂ ಹೆಗಲ ಮೇಲೆ ಕೂರಿಸಿಕೊಂಡು, ಕೈಗಳಿಂದ ಅಂಚು ಹಿಡಿದು, ಮೊಣಕಾಲಿನಿಂದ ಏಳಲಿ. ಎದ್ದ ಮೇಲೆ ಹಿಂತುದಿ ತಾನಾಗಿ ನೆಲ ಬಿಡುತ್ತದೆ. ಮುಂತುದಿ ತುಸು ಮೇಲಿದ್ದರೆ ದಾರಿ ಕಾಣುತ್ತದೆ. ಒಳಗೆ ಸ್ವಂತ ಉಸಿರು, ಅದಕ್ಕಿಂತ ಜೋರಾಗಿ ಸೊಳ್ಳೆಯ ಗುಂಯ್‌ಗುಡುವಿಕೆ ಕೇಳಿಸುತ್ತದೆ. ಕೈ ಬಿಟ್ಟು ಹೊಡೆಯುವಂತಿಲ್ಲವಾದ್ದರಿಂದ ಔಷಧವನ್ನು ಮೊದಲೇ ಹಚ್ಚಿಕೊಂಡಿರಬೇಕು.

ಜೊತೆಗಾರರು ಚೀಲ ಹೊತ್ತು ಹತ್ತು ಹೆಜ್ಜೆ ಮುಂದೆ ನಡೆಯುತ್ತ ಬೇರು, ಬಂಡೆ, ಕೆಸರು ಎಂದು ಕೂಗುತ್ತಿರಲಿ. ಎದುರಿಗೆ ದೋಣಿ ಹೊತ್ತವರು ಬಂದರೆ ಚೀಲದವರು ಪಕ್ಕಕ್ಕೆ ನಿಲ್ಲಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಒಯ್ಯುವುದು ದೊಡ್ಡಸ್ತಿಕೆಯೇನಲ್ಲ. ಮೊದಲು ಚೀಲ, ಮರಳಿ ಬಂದು ದೋಣಿ ಎಂದರೆ 150 ಮೀಟರಿನ ದಾರಿ 450 ಮೀಟರಾಗುತ್ತದೆ, ಆದರೆ ಅರವತ್ತು ದಾಟಿದವರಿಗೆ ಇದೇ ಸರಿ. ನಡುವೆ ಬರಿಗೈಯಲ್ಲಿ ಮರಳುವ ನಡಿಗೆಯಲ್ಲಿ ಕಾಡು ನೋಡಲು ಸಿಗುತ್ತದೆ.

ಈ ದಾರಿಗಳು ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರವು. ಭೂರ್ಜದ ತೊಗಟೆಯ ದೋಣಿಗಳಲ್ಲಿ ಅವರು ಓಡಾಡಿದ ಜಾಡು. ತುಪ್ಪುಳು ವ್ಯಾಪಾರದ ಕಾಲದ ಫ್ರೆಂಚ್ ಅಂಬಿಗರೂ ಅದನ್ನೇ ಹಿಡಿದರು. ಸುಪೀರಿಯರ್ ದಂಡೆಯ ಗ್ರ್ಯಾಂಡ್ ಪೋರ್ಟೇಜ್ ಎಂಬಲ್ಲಿ ಎಂಟೂವರೆ ಮೈಲಿ ದಾರಿಯನ್ನು ಅವರು ತಲಾ 90 ಪೌಂಡಿನ ಎರಡೆರಡು ಮೂಟೆ ಹೊತ್ತು ದಾಟುತ್ತಿದ್ದರು, ಭಾರವನ್ನು ಹಣೆಗೆ ಕಟ್ಟಿದ ಪಟ್ಟಿಯ ಮೇಲೆ ಬಿಟ್ಟು. ಎಂಬತ್ತು ಕಿಲೋ! ನಮ್ಮ ಎಪಿಎಂಸಿಯ ಹಮಾಲರು ಮಾತ್ರ ಇದನ್ನು ಕೇಳಿ ಬೆರಗಾಗಲಾರರು.

ಊಟ, ನೀರು, ಶೌಚ

ನಿಗದಿತ ಡೇರೆ ತಾಣ ಖಾಲಿಯಿದ್ದರೆ ಅಲ್ಲಿ ಊಟಕ್ಕೆ ಕೂರಬಹುದು; ಅಲ್ಲಿ ಬೆಂಕಿಯ ಕಬ್ಬಿಣದ ಜಾಲರಿಯೂ, ಹಿಂದೆ ಮರಗಳ ನಡುವೆ ಗೋಡೆಯಿಲ್ಲದ ಶೌಚಪೀಠವೂ ಇರುತ್ತದೆ. ಬೇರೆಡೆ ಅಗತ್ಯ ಬಿದ್ದರೆ ನೀರಿನಿಂದ 60 ಮೀಟರಾದರೂ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಬೇಕು. ಸರೋವರದ ನೀರು ಎಷ್ಟೇ ತಿಳಿಯಾಗಿ ಕಂಡರೂ ಸೋಸದೆ ಅಥವಾ ಕುದಿಸದೆ ಕುಡಿಯಬೇಡಿ, ಭೇದಿ ಹಿಡಿಸುವ ಜಿಯಾರ್ಡಿಯಾ ಅದರಲ್ಲಿರಬಹುದು. ತಟ್ಟೆ, ಕೈ ಯಾವುದನ್ನೂ ಸರೋವರದಲ್ಲಿ ಸಾಬೂನು ಹಾಕಿ ತೊಳೆಯುವಂತಿಲ್ಲ. ಕಿತ್ತಳೆ ಸಿಪ್ಪೆ, ಶೇಂಗಾ ಹೊಟ್ಟು ಕೂಡ ಚೀಲಕ್ಕೇ ಮರಳಬೇಕು.

ಕೆಲ್ಸೊ ಹೊಳೆಯಲ್ಲಿ ಅವಸರ ಬೇಡ. ಮೂಸ್ ಎಂಬ ಭಾರೀ ಕಡವೆ ನೀರುಸಸ್ಯ ಮೇಯಲು ಇಂಥ ಜೌಗಿಗೆ ಇಳಿಯುತ್ತದೆ. ಕಂಡರೆ ಹುಟ್ಟು ನಿಲ್ಲಿಸಿ, ಹತ್ತಿರ ಹೋಗಬೇಡಿ. ಲೂನ್ ಎಂಬ ಕರಿಬಿಳಿ ಹಕ್ಕಿ ಅಳುವೋ ನಗೆಯೋ ತಿಳಿಯದ ದನಿಯಲ್ಲಿ ಕೂಗುತ್ತದೆ. ಅದು ಮಿನ್ನೆಸೋಟಾದ ರಾಜ್ಯಪಕ್ಷಿ.

ಗಾಳಿ, ಸಿಡಿಲು, ಮಗುಚಿದರೆ

ಅಲೆಗಳ ತುದಿಯಲ್ಲಿ ಬಿಳಿನೊರೆ ಕಂಡಿತೆಂದರೆ ತೆರೆದ ನೀರು ದಾಟುವ ವಿಚಾರ ಬಿಡಿ. ದಂಡೆಗೆ ಹೋಗಿ, ಚಹಾ ಕುಡಿದು ಕಾಯಿರಿ. ಸಂಜೆಗೆ ಗಾಳಿ ಇಳಿಯುವುದುಂಟು. ಅಲೆಯ ನಡುವೆ ಸಿಕ್ಕಿಕೊಂಡರೆ ದೋಣಿಯ ಪಕ್ಕೆಯನ್ನು ಅಲೆಗೆ ಕೊಡದೆ, ಮುಂತುದಿಯನ್ನು ಓರೆಯಾಗಿ ಅಲೆಗೆ ಎದುರು ಹಿಡಿದು, ಮೊಣಕಾಲೂರಿ ಕುಳಿತು ಹುಟ್ಟು ಹಾಕಿ. ಗುಡುಗು ಕೇಳಿಸಿದ ಕ್ಷಣವೇ ನೀರಿನಿಂದ ಹೊರಗೆ. ಮಗುಚಿದರೆ ದೋಣಿಯನ್ನು ಬಿಡಬೇಡಿ. ನೀರು ತುಂಬಿದರೂ ಅದು ತೇಲುತ್ತದೆ. ಅದನ್ನು ಹಿಡಿದೇ ಕಾಲು ಬಡಿಯುತ್ತ ದಂಡೆ ಸೇರಿ, ಮೊದಲು ಒದ್ದೆ ಬಟ್ಟೆ ಬದಲಿಸಿ. ಕಳೆದುಹೋದ ಸಾಮಾನಿನ ಚಿಂತೆ ಆಮೇಲೆ.

ಮರಳಿದ ಮೇಲೆ

ದೋಣಿಗೆ ಅಂಟಿದ ಗಿಡಗಂಟಿ ಕಿತ್ತು, ಒಳಗಿನ ನೀರನ್ನು ದಂಡೆಯಲ್ಲೇ ಬಸಿದು ಹಿಂತಿರುಗಿಸಿ. ಒಂದು ಸರೋವರದ ಕಳೆ, ಚಿಪ್ಪುಹುಳು ಇನ್ನೊಂದಕ್ಕೆ ದಾಟದಿರಲು ಅಲ್ಲಿ ಈ ನಿಯಮ ಕಟ್ಟುನಿಟ್ಟು. ರಾತ್ರಿ ಸ್ನಾನಕ್ಕೆ ಮೊದಲು ಮೊಣಕಾಲಿನ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ರಕ್ತ ಹೀರುವ ಉಣ್ಣೆಹುಳು ಕಚ್ಚಿದೆಯೇ ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಊದಿನಕಡ್ಡಿ ತಾಗಿಸುವುದು ಬೇಡ. ಅಲ್ಲಿಯ ಕೆಲವು ಉಣ್ಣೆಗಳಿಂದ ಲೈಮ್ ರೋಗ ಬರುತ್ತದೆ. ಅದರ ಲಕ್ಷಣ ಮೂರರಿಂದ ಮೂವತ್ತು ದಿನಗಳೊಳಗೆ ಕಾಣಿಸಿಕೊಳ್ಳಬಹುದು, ಅಷ್ಟರಲ್ಲಿ ನೀವು ಹುಬ್ಬಳ್ಳಿಗೆ ಬಂದಿರಲೂಬಹುದು. ಜ್ವರ, ಕೀಲುನೋವು ಅಥವಾ ಮೈಮೇಲೆ ಅಗಲವಾಗುತ್ತ ಹೋಗುವ ಕೆಂಪು ಮಚ್ಚೆ ಕಂಡರೆ ಮಿನ್ನೆಸೋಟಾದ ಕಾಡಿನಲ್ಲಿ ತಿರುಗಾಡಿ ಬಂದಿದ್ದೇವೆಂದು ವೈದ್ಯರಿಗೆ ಮೊದಲೇ ತಿಳಿಸಿ. ನಮ್ಮ ಕಡೆ ಜ್ವರವೆಂದರೆ ಅವರ ಯೋಚನೆ ಮೊದಲು ಡೆಂಗಿ, ಟೈಫಾಯ್ಡ್ ಕಡೆಗೇ ಹೋಗುತ್ತದೆ.